ಸೆಮಿ ಆಟೋಮ್ಯಾಟಿಕ್ ರೈಫಲ್ ಯಾಕೆ ಕೈ ಕೊಡುತ್ತದೆ?

ಎಲ್ಲರಿಗೂ ನಮಸ್ಕಾರ. ಬೇಟೆಯ ಸೆಮಿ ಆಟೋಮ್ಯಾಟಿಕ್ ರೈಫಲ್, ಅಂದರೆ ಒಂದು ಗುಂಡು ಹಾರಿದ ಮೇಲೆ ಮುಂದಿನದನ್ನು ತಾನೇ ತುಂಬಿಕೊಳ್ಳುವ ರೈಫಲ್ ಬಗ್ಗೆ ಜಾಸ್ತಿ ಕೇಳಿಬರುವ ದೂರು ಒಂದೇ: ಮೊದಲ ಗುಂಡು ಹಾರುತ್ತದೆ, ಎರಡನೆಯದಕ್ಕೆ ಸಿಕ್ಕಿಕೊಳ್ಳುತ್ತದೆ. ರೈಫಲ್ಲೇ ಸರಿಯಿಲ್ಲ ಅಂತ ಮಾರಿಬಿಡುವವರೂ ಇದ್ದಾರೆ. ಮಾರುವ ಮೊದಲು ಒಮ್ಮೆ ಚೇಂಬರ್ (ನಳಿಗೆಯ ಹಿಂಭಾಗದಲ್ಲಿ ತೋಟಾ ಕೂರುವ ಜಾಗ) ನೋಡಿ ಅನ್ನುವುದೇ ಇವತ್ತು ನಾನು ಹೇಳುವ ಮುಖ್ಯ ಮಾತು.

ಕೈ ಹಾಕುವ ಮುಂಚೆ ಮ್ಯಾಗಜಿನ್ (ತೋಟಾ ತುಂಬಿಡುವ ಡಬ್ಬಿ) ತೆಗೆಯಿರಿ. ಆಮೇಲೆ ಬೋಲ್ಟ್, ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗವನ್ನು ಎಳೆಯಿರಿ. ಚೇಂಬರ್ ಖಾಲಿಯಾಗಿದೆಯಾ ಅಂತ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿಯೂ ನೋಡಿ. ಈ ಕ್ರಮ ಹಿಂದುಮುಂದಾಗಲೇಬಾರದು, ಯಾಕೆಂದರೆ ಮೊದಲು ಬೋಲ್ಟ್ ಎಳೆದುಬಿಟ್ಟರೆ ಮ್ಯಾಗಜಿನ್ ತೆಗೆಯುವಷ್ಟರಲ್ಲಿ ಇನ್ನೊಂದು ತೋಟಾ ಒಳಗೆ ಹೋಗಿ ಕೂತಿರುತ್ತದೆ. ಕ್ಲೀನ್ ಮಾಡುವ ಮೇಜಿನ ಮೇಲೆ ಒಂದೇ ಒಂದು ತೋಟಾ ಕೂಡ ಬೇಡ.

ಈಗ ವಿಷಯಕ್ಕೆ ಬರೋಣ. 1967ರಲ್ಲಿ ಬಂದ ಬ್ರೌನಿಂಗ್ ಬಿಎಆರ್ ತರಹದ ರೈಫಲ್‌ಗಳು ಗ್ಯಾಸ್ ಬಲದಿಂದ ನಡೆಯುತ್ತವೆ. ಗುಂಡು ನಳಿಗೆಯಲ್ಲಿ ಓಡುವಾಗ ಒಂದು ಸಣ್ಣ ತೂತಿನಿಂದ ಸ್ವಲ್ಪ ಗ್ಯಾಸ್ ಹೊರಬಂದು ಪಿಸ್ಟನ್ ತಳ್ಳುತ್ತದೆ, ಆ ಬಲಕ್ಕೆ ಬೋಲ್ಟ್ ಹಿಂದೆ ಸರಿಯುತ್ತದೆ, ಜೊತೆಗೆ ಖಾಲಿ ಕೇಸನ್ನೂ (ತೋಟಾದ ಹಿತ್ತಾಳೆ ಕವಚ) ಎಳೆದು ಎಸೆಯುತ್ತದೆ. ಪ್ರತಿ ಸಲ ಕೈಯಿಂದಲೇ ಬೋಲ್ಟ್ ಎಳೆಯುವ ಬೋಲ್ಟ್ ಆಕ್ಷನ್ ರೈಫಲ್‌ನಲ್ಲಾದರೆ ಹಿಡಿ ಎತ್ತುವಾಗಲೇ ಕೇಸ್ ಸಡಿಲವಾಗುತ್ತದೆ, ಮೇಲೆ ನಮ್ಮ ಕೈಬಲವೂ ಇರುತ್ತದೆ. ಇಲ್ಲಿ ಆ ಅನುಕೂಲ ಇಲ್ಲ. ಎಕ್ಸ್‌ಟ್ರಾಕ್ಟರ್ ಅನ್ನುವ ಪುಟ್ಟ ಕೊಕ್ಕೆ ಕೇಸಿನ ಅಂಚು ಹಿಡಿದು ಒಂದೇ ಏಟಿಗೆ ಎಳೆಯಬೇಕು. ಚೇಂಬರಿನ ಗೋಡೆಗೆ ಮಸಿ ಮೆತ್ತಿದ್ದರೆ ಅಥವಾ ತುಕ್ಕು ಹಿಡಿದು ಒರಟಾಗಿದ್ದರೆ, ಒತ್ತಡಕ್ಕೆ ಹಿಗ್ಗಿದ ಹಿತ್ತಾಳೆ ಕೇಸ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಕೊಕ್ಕೆ ಜಾರುತ್ತದೆ, ಇಲ್ಲವೇ ಅಂಚನ್ನೇ ಹರಿದು ಹಾಕುತ್ತದೆ. ಹಾಗಾಗಿ ಖಾಲಿ ಕೇಸುಗಳನ್ನು ಸುಮ್ನೆ ಬಿಸಾಡಬೇಡಿ. ಅಂಚು ಬಾಗಿದೆಯಾ, ಮೈಮೇಲೆ ಉದ್ದುದ್ದ ಗೀರು ಇದೆಯಾ ನೋಡಿ.

ತುಂಬಾ ಜನ ನಳಿಗೆಗೆ ಬ್ರಷ್ ಹಾಕಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಚೇಂಬರ್ ನಳಿಗೆಗಿಂತ ಅಗಲ ಅಲ್ವಾ? ಆ ಬ್ರಷ್ ಅದರ ಗೋಡೆಯನ್ನು ಸರಿಯಾಗಿ ಉಜ್ಜುವುದೇ ಇಲ್ಲ. ಚೇಂಬರಿಗೇ ಬೇರೆ ದಪ್ಪ ಬ್ರಷ್ ಬೇಕು. ಸಾಲ್ವೆಂಟ್ (ಮಸಿ ಕರಗಿಸುವ ದ್ರವ) ಹಚ್ಚಿ ತಿರುಗಿಸಿ ಉಜ್ಜಿ, ಬಟ್ಟೆ ಬಿಳಿಯಾಗಿ ಬರುವ ತನಕ ಒರೆಸಿ. ಕೊನೆಗೆ ಒಣಗಿಸಿ. ಗುಂಡು ಹಾರುವ ಕ್ಷಣದಲ್ಲಿ ಕೇಸ್ ಗೋಡೆಯನ್ನು ಹಿಡಿದುಕೊಳ್ಳಲೇಬೇಕು, ಎಣ್ಣೆ ಉಳಿದರೆ ಹಿಡಿದುಕೊಳ್ಳುವುದಿಲ್ಲ, ಬೋಲ್ಟ್ ಮೇಲೆ ಹೊಡೆತ ಹೆಚ್ಚುತ್ತದೆ.

ನಳಿಗೆಯ ಬಾಯಿ ಕಡೆಯಿಂದಲೇ ಕ್ಲೀನ್ ಮಾಡುವ ರಾಡ್ ಹಾಕಬೇಕಾದ ರೈಫಲ್ ಆದರೆ ಗೈಡ್ (ರಾಡ್ ಅಂಚಿಗೆ ತಾಗದಂತೆ ತಡೆಯುವ ತುಂಡು) ಬಳಸಿ, ರಾಡ್ ಉಜ್ಜಿ ಬಾಯಿಯ ಅಂಚು ಸವೆದರೆ ಗುರಿ ಕೆಡುತ್ತದೆ. ಬಾಯಿಯನ್ನು ಕೆಳಗೆ ಮಾಡಿಟ್ಟುಕೊಳ್ಳಿ, ಸಾಲ್ವೆಂಟ್ ಒಳಗಿನ ಭಾಗಗಳಿಗೆ ಇಳಿಯುವುದಿಲ್ಲ.

ಪಿಸ್ಟನ್ ಮೇಲಿನ ಮಸಿಯನ್ನು ಸಾಲ್ವೆಂಟ್‌ನಲ್ಲಿ ನೆನೆಸಿ ತೆಗೆಯಿರಿ, ಉಪ್ಪುಕಾಗದ ಮುಟ್ಟಿಸಬೇಡಿ. ಕಂಪನಿಯ ಕೈಪಿಡಿ ಬೇರೆ ಹೇಳದಿದ್ದರೆ ಪಿಸ್ಟನ್ ಒಣಗಿಯೇ ಇರಲಿ, ಎಣ್ಣೆ ಹಾಕಿದರೆ ಬಿಸಿಗೆ ಸುಟ್ಟು ಮತ್ತೆ ಮಸಿಯಾಗುತ್ತದೆ. ಬೋಲ್ಟ್ ಜಾರುವ ಜಾಗಕ್ಕೆ ತೆಳುವಾಗಿ ಸವರಿದರೆ ಸಾಕು. ಜಾಸ್ತಿ ಎಣ್ಣೆ ಧೂಳು ಹಿಡಿಯುತ್ತದೆ, ಚಳಿಯಲ್ಲಿ ಗಟ್ಟಿಯಾಗಿ ಬೋಲ್ಟನ್ನೇ ನಿಧಾನ ಮಾಡುತ್ತದೆ.

ಮ್ಯಾಗಜಿನ್‌ಗೆ ಎಣ್ಣೆ ಬೇಡ, ಒಣ ಬಟ್ಟೆಯಲ್ಲಿ ಒರೆಸಿ. ಬಾಯಿಯ ಅಂಚು ಬಾಗಿದ್ದರೆ ಬೇರೆ ಕೊಳ್ಳಿ, ಇಕ್ಕಳದಲ್ಲಿ ತಿದ್ದಲು ಹೋಗಬೇಡಿ. ಎಲ್ಲ ಜೋಡಿಸಿದ ಮೇಲೆ ಡಮ್ಮಿ ತೋಟಾ (ಮದ್ದಿಲ್ಲದ ನಕಲಿ ತೋಟಾ) ತುಂಬಿ, ಬೋಲ್ಟಿನ ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆದು ಬಿಡಿ, ಪ್ರತಿಯೊಂದೂ ಒಳಗೆ ಹೋಗಿ ಹೊರಗೆ ಬರುತ್ತದೆಯಾ ನೋಡಿ. ಬೇಟೆಗೆ ಹೊರಡುವ ಮುಂಚೆ ಶೂಟಿಂಗ್ ರೇಂಜಿನಲ್ಲಿ, ಬೇಟೆಗೆ ಒಯ್ಯುವ ತೋಟಾಗಳನ್ನೇ ಹಾಕಿ ಒಮ್ಮೆ ಹೊಡೆದು ನೋಡಿ.