ಒಬ್ಬರಿಗಲ್ಲ, ತಂಡಕ್ಕೆ ಸಲ್ಲುವ ವಿಜ್ಞಾನ ಪುರಸ್ಕಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಕೇಂದ್ರ ಸರ್ಕಾರ 2023ರಲ್ಲಿ ರೂಪಿಸಿದ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದಲ್ಲಿ ತಂಡಗಳಿಗೆಂದೇ ಒಂದು ವಿಭಾಗವಿದೆ. ಕನಿಷ್ಠ ಮೂವರು ಕೂಡಿ ಮಾಡಿದ ಕೆಲಸವಾಗಿರಬೇಕು. ವರ್ಷಕ್ಕೆ ಹೆಚ್ಚೆಂದರೆ ಮೂರು ತಂಡಗಳಿಗೆ ಕೊಡಬಹುದು. 2024ರಲ್ಲಿ ಮೊದಲ ಸಲ ಇದು ಸಂದದ್ದು ಚಂದ್ರಯಾನ-3ರ ತಂಡಕ್ಕೆ.

ಚಂದ್ರಯಾನಕ್ಕೆ ನಮ್ಮ ಚಿತ್ರದುರ್ಗ ಜಿಲ್ಲೆಯ ನೆಲವೂ ದುಡಿದಿದೆ. ಚಂದ್ರನ ಮೇಲೆ ಇಳಿಯುವ ನೌಕೆಯಾದ ಲ್ಯಾಂಡರಿನ ಸೆನ್ಸರ್‌ಗಳ ಪರೀಕ್ಷೆಗಾಗಿ ಚಂದ್ರನ ಮೇಲಿನಂಥ ಕುಳಿಗಳನ್ನು ಇಸ್ರೋ ತೋಡಿಸಿದ್ದು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ.

2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಬಿದ್ದದ್ದೇಕೆ? ಐದು ಎಂಜಿನ್‌ಗಳು ಎಣಿಸಿದ್ದಕ್ಕಿಂತ ಹೆಚ್ಚು ನೂಕುಬಲ ಕೊಟ್ಟವು, ದೋಷ ಕೂಡುತ್ತಾ ಹೋಯಿತು. ಅದನ್ನು ತಿದ್ದಲು ನೌಕೆ ಬೇಗ ತಿರುಗಬೇಕಿತ್ತು. ತಂತ್ರಾಂಶ ಅದಕ್ಕೆ ಮಿತಿ ಹಾಕಿತ್ತು. ಇಳಿಯುವ ಜಾಗವೋ 500 ಮೀಟರ್ ಉದ್ದ, 500 ಮೀಟರ್ ಅಗಲ. ಅಲ್ಲಿಗೇ ತಲುಪಬೇಕೆಂದು ನೌಕೆ ನೆಲದ ಹತ್ತಿರ ಬಂದರೂ ವೇಗ ಹೆಚ್ಚಿಸಿಕೊಂಡಿತು. ತಪ್ಪು ಇದ್ದದ್ದು ಒಬ್ಬರ ಮೇಜಿನ ಮೇಲಲ್ಲ, ಒಂದು ವಿಭಾಗ ಇನ್ನೊಂದಕ್ಕೆ ಕೂಡುವ ಕಡೆ. ಮುಂದೆ ಚಂದ್ರಯಾನ-3ರಲ್ಲಿ ಎಂಜಿನ್ ನಾಲ್ಕಾದವು, ಜಾಗ 4 ಕಿಲೋಮೀಟರಿಗೆ 2.4 ಕಿಲೋಮೀಟರ್ ಆಯಿತು, ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣ ಬಂತು. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ತಾಗಿದರೂ ತಡೆಯುವಷ್ಟು ಕಾಲುಗಳು ಗಟ್ಟಿಯಾದವು. ಕಾಲು ಗಟ್ಟಿಯಾದರೆ ತೂಕ ಏರುತ್ತದೆ, ತೂಕ ಏರಿದರೆ ಇಂಧನದ ಲೆಕ್ಕವೂ ಬದಲು. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದದ್ದು ಹೀಗೆ ಎಲ್ಲರೂ ಕೂಡಿ ಹಾಕಿದ ಲೆಕ್ಕ.

ಇಂಥ ತಂಡಕ್ಕೆ ರಾಕೆಟ್ಟೇ ಬೇಕೆಂದಿಲ್ಲ. 2025ರಲ್ಲಿ ಇದೇ ಪುರಸ್ಕಾರ ಲ್ಯಾವೆಂಡರ್‌ನಂಥ ಸುಗಂಧ ಬೆಳೆಗಳನ್ನು ರೈತರ ಹೊಲಕ್ಕೆ ತಂದ ಅರೋಮಾ ಮಿಷನ್ ತಂಡಕ್ಕೆ ಹೋಯಿತು. ನಮ್ಮ ಕೊಳವೆಬಾವಿಗಳ ಫ್ಲೋರೈಡ್ ಕೂಡ ಇದೇ ಜಾತಿಯ ಸಮಸ್ಯೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದು ಯಾವ ಬಂಡೆಯಿಂದ ಬರುತ್ತದೆಂದು ಹೇಳಬೇಕಾದವರು ಭೂವಿಜ್ಞಾನಿ. ಅದರಿಂದಾಗುವ ಹಲ್ಲಿನ ಕಲೆ ಗುರುತಿಸುವವರು ದಂತವೈದ್ಯರು. ಆಕ್ಟಿವೇಟೆಡ್ ಅಲ್ಯೂಮಿನಾ ಫಿಲ್ಟರ್ ಫ್ಲೋರೈಡನ್ನು ಚೆನ್ನಾಗಿ ಹಿಡಿಯುವುದು ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 6ರ ಆಸುಪಾಸಿನಲ್ಲಿದ್ದಾಗ. ಕ್ಷಾರ ಹೆಚ್ಚಿದ ನೀರಿನಲ್ಲಿ ಅದರ ಶಕ್ತಿ ಕುಂದುತ್ತದೆ, ಇದನ್ನು ನೋಡಿಕೊಳ್ಳುವವರು ರಸಾಯನಶಾಸ್ತ್ರದವರು. ಫಿಲ್ಟರ್ ತುಂಬಿದ ಮೇಲೆ ಫ್ಲೋರೈಡ್ ಹಾಗೇ ದಾಟುತ್ತದೆ, ರುಚಿಯಲ್ಲೂ ಬಣ್ಣದಲ್ಲೂ ಗೊತ್ತಾಗುವುದಿಲ್ಲ. ಆದ್ದರಿಂದ ಆಗಾಗ ನೀರು ಪರೀಕ್ಷಿಸಲು ಪಂಚಾಯಿತಿಯ ನೀರುಗಂಟಿಯೂ ತಂಡದಲ್ಲಿರಲೇಬೇಕು. ತುಂಬಿದ ಫಿಲ್ಟರನ್ನು ಕಾಸ್ಟಿಕ್ ಸೋಡಾದಿಂದ ತೊಳೆದ ನೀರನ್ನು ಬಾವಿಯ ಪಕ್ಕವೇ ಚೆಲ್ಲಿದರೆ ತೆಗೆದ ಫ್ಲೋರೈಡ್ ಮತ್ತೆ ನೆಲಕ್ಕೇ ಸೇರುತ್ತದೆ.

ವೈದ್ಯಕೀಯ, ದಂತವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳೆಲ್ಲ ದಾವಣಗೆರೆ ಒಂದೇ ಊರಿನಲ್ಲಿವೆ. ಅಲ್ಲಿನ ಅಧ್ಯಾಪಕರು ಕೂಡಿ ಕೆಲಸ ಹಿಡಿದರೆ ಮೊದಲ ದಿನವೇ ಒಂದು ಹಾಳೆ ಬರೆದಿಡಲಿ: ಯಾರ ಅಳತೆ ಯಾರ ಕೈಗೆ, ಯಾವ ಅಳತೆಮಾನದಲ್ಲಿ, ಎಷ್ಟು ದಿನಕ್ಕೊಮ್ಮೆ ಹೋಗಬೇಕು, ಲೆಕ್ಕ ತಾಳೆಯಾಗದಿದ್ದರೆ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗೆ. ಮುಂದೆ ನಾಮನಿರ್ದೇಶನ ಬರೆಯುವಾಗ ಪ್ರತಿಯೊಬ್ಬರ ಪಾಲನ್ನು ಆ ಹಾಳೆಯಿಂದಲೇ ತೋರಿಸಬಹುದು.