ಕತ್ತಲೆಕೋಣೆಯಲ್ಲಿ ಎಣಿಸಿದ ಮಿಣುಕುಗಳು

ಕೇಳುಗರೇ, ನಮಸ್ಕಾರ.

1896ರ ಫೆಬ್ರವರಿ ಕೊನೆಯ ವಾರ. ಪ್ಯಾರಿಸ್ಸಿನಲ್ಲಿ ಮೋಡ ಕವಿದಿತ್ತು. ಭೌತವಿಜ್ಞಾನಿ ಹೆನ್ರಿ ಬೆಕ್ವೆರೆಲ್ ಅವರಿಗೋ ಬಿಸಿಲು ಬೇಕಿತ್ತು. ಯುರೇನಿಯಂ ಲವಣ ಬಿಸಿಲು ಕುಡಿದು ಎಕ್ಸ್ ಕಿರಣದಂಥದ್ದೇನನ್ನೋ ಸೂಸುತ್ತದೆ ಎಂಬುದು ಅವರ ಎಣಿಕೆ. ಬಿಸಿಲು ಬರಲಿಲ್ಲ. ಕಪ್ಪು ಕಾಗದ ಸುತ್ತಿದ ಫೋಟೋ ಪ್ಲೇಟನ್ನು, ಮೇಲಿಟ್ಟ ಲವಣದ ಸಮೇತ ಮೇಜಿನ ಖಾನೆಗೆ ಸೇರಿಸಿಬಿಟ್ಟರು. ಮಾರ್ಚ್ 1ರಂದು ಪ್ಲೇಟು ತೊಳೆದು ನೋಡಿದರೆ ಲವಣದ ಅಚ್ಚು ಗಾಢವಾಗಿ ಮೂಡಿತ್ತು! ಯುರೇನಿಯಂಗೆ ಬಿಸಿಲಿನ ಹಂಗೇ ಇರಲಿಲ್ಲ. 1898ರಲ್ಲಿ ಮೇರಿ ಮತ್ತು ಪಿಯರ್ ಕ್ಯೂರಿ ದಂಪತಿ ಹೀಗೆಯೇ ಕಿರಣ ಸೂಸುವ ಪೊಲೋನಿಯಂ, ರೇಡಿಯಂ ಎಂಬ ಧಾತುಗಳನ್ನು ಪತ್ತೆಹಚ್ಚಿದರು. ತಾನಾಗಿಯೇ ಕಿರಣ ಸೂಸುವ ಈ ಗುಣಕ್ಕೆ ವಿಕಿರಣಶೀಲತೆ ಎಂಬ ಹೆಸರು ಬಂದದ್ದೂ ಅವರಿಂದಲೇ.

ಇಷ್ಟು ಶಾಲೆಯಲ್ಲಿ ಓದಿದ್ದೇವೆ. ನನ್ನ ಮನಸ್ಸು ಪ್ರತಿಸಲವೂ ಹೋಗಿ ನಿಲ್ಲುವುದು ಅದರ ಮುಂದಿನ ಘಟ್ಟದಲ್ಲಿ. ಪರಮಾಣುವಿನಿಂದ ಸಿಡಿದ ಕಣವನ್ನೇ ಹಿಡಿದು ಪರಮಾಣುವನ್ನು ತಡವಿ ನೋಡಿದ ಘಟ್ಟವದು.

ಆಗ ಹೆಚ್ಚಿನವರು ನಂಬಿದ್ದು ವಿಜ್ಞಾನಿ ಜೆ.ಜೆ. ಥಾಮ್ಸನ್ ಬಿಡಿಸಿದ ಪರಮಾಣುವಿನ ಚಿತ್ರವನ್ನು. ನಮ್ಮ ಮೇಷ್ಟ್ರುಗಳು ಅದನ್ನು ಕಲ್ಲಂಗಡಿ ಹಣ್ಣಿಗೆ ಹೋಲಿಸುತ್ತಿದ್ದರು: ತಿರುಳಿನ ತುಂಬ ಧನ ವಿದ್ಯುತ್ತು, ಅಲ್ಲಲ್ಲಿ ಬೀಜದ ಹಾಗೆ ಎಲೆಕ್ಟ್ರಾನ್. ಅಂಥ ತಿರುಳಿಗೆ ಆಲ್ಫಾ ಕಣ, ಅಂದರೆ ರೇಡಿಯಂನಂಥ ವಸ್ತುವಿನಿಂದ ಸಿಡಿಯುವ ಧನ ವಿದ್ಯುತ್ತಿನ ಕಣ, ಹೊಡೆದರೆ ತುಸು ವಾಲಿ ಆಚೆ ಹೋಗಬೇಕು.

1909, ಮ್ಯಾಂಚೆಸ್ಟರ್. ಪ್ರಯೋಗಾಲಯದ ಮುಖ್ಯಸ್ಥರು ಅರ್ನೆಸ್ಟ್ ರುದರ್ಫರ್ಡ್. ಜೊತೆಗೆ ಹ್ಯಾನ್ಸ್ ಗೈಗರ್, ಮತ್ತೆ ಇಪ್ಪತ್ತೇ ವರ್ಷದ ವಿದ್ಯಾರ್ಥಿ ಅರ್ನೆಸ್ಟ್ ಮಾರ್ಸ್ಡನ್. ಕಣಗಳು ಹಿಂದಕ್ಕೇನಾದರೂ ಪುಟಿಯುತ್ತವೆಯೇ, ನೋಡು ಎಂದು ರುದರ್ಫರ್ಡ್ ಆ ಹುಡುಗನಿಗೆ ಹೇಳಿದರು. ರೇಡಿಯಂನಿಂದ ಹೊಮ್ಮಿದ ಅನಿಲ ತುಂಬಿದ ಗಾಜಿನ ಕೊಳವೆ ಒಂದು ಕಡೆ, ಸತುವಿನ ಸಲ್ಫೈಡ್ ಬಳಿದ ಪರದೆ ಇನ್ನೊಂದು ಕಡೆ. ಕಣ ನೇರವಾಗಿ ಪರದೆಗೆ ಬೀಳದಂತೆ ನಡುವೆ ಸೀಸದ ಅಡ್ಡಗೋಡೆ. ಎದುರಿಗೆ ತೆಳುವಾದ ಚಿನ್ನದ ರೇಕು. ಕಣ ಬಡಿದಾಗ ಪರದೆಯ ಮೇಲೆ ಒಂದು ಮಿಣುಕು. ಅದು ಎಷ್ಟು ಮಂಕೆಂದರೆ, ಕತ್ತಲಲ್ಲಿ ಸುಮ್ಮನೆ ಕೂತು ಕಣ್ಣು ಪಳಗಿಸಿಕೊಳ್ಳಬೇಕು. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದು, ಎರಡು, ಮೂರು ಎಂದು ಎಣಿಸಬೇಕು. ಯಂತ್ರವಿಲ್ಲ, ಮನುಷ್ಯರ ಕಣ್ಣೇ ಗತಿ.

ಬರಬಾರದ ಜಾಗದಲ್ಲಿ ಮಿಣುಕು ಕಂಡಿತು. ಲೋಹಕ್ಕೆ ಬಡಿದ ಸುಮಾರು 8000 ಕಣಗಳಲ್ಲಿ ಒಂದು ಹಿಂದಕ್ಕೆ ತಿರುಗಿತ್ತು! 8000ಕ್ಕೆ ಒಂದು ತಾನೇ, ಕಣ್ಣಿನ ಭ್ರಮೆ ಇರಬೇಕು ಎಂದು ಬಿಟ್ಟುಬಿಡಬಹುದಿತ್ತು. ಅವರು ಬಿಡಲಿಲ್ಲ. ಆ ನಿಷ್ಠೆಗೆ ನಾನು ಕೈಮುಗಿಯುತ್ತೇನೆ.

ಅರ್ಥ ಹೊಳೆಯಲು ವರ್ಷದ ಮೇಲೆ ಹಿಡಿಯಿತು. ಒಂದು ದಿನ ರುದರ್ಫರ್ಡ್ ಗೈಗರ್ ಅವರ ಕೋಣೆಗೆ ಬಲು ಹುರುಪಿನಿಂದ ಬಂದು, ಪರಮಾಣು ಹೇಗಿದೆ ಎಂಬುದು ತಮಗೀಗ ಗೊತ್ತಾಗಿದೆ ಎಂದರು. ಹರಡಿಕೊಂಡ ತಿರುಳು ಕಣವನ್ನು ಹಿಂದಕ್ಕೆ ತಳ್ಳಲಾರದು. ಧನ ವಿದ್ಯುತ್ತೆಲ್ಲ, ಹೆಚ್ಚುಕಡಿಮೆ ಇಡೀ ತೂಕವೂ, ನಟ್ಟನಡುವಿನ ಅತಿ ಪುಟ್ಟ ಚುಕ್ಕೆಯಲ್ಲಿದೆ; ಉಳಿದ ಜಾಗ ಬರಿದು. ನಾವಿಂದು ನ್ಯೂಕ್ಲಿಯಸ್ ಎನ್ನುವುದು ಇದನ್ನೇ. 1911ರಲ್ಲಿ ಅವರು ಅದನ್ನು ಪ್ರಕಟಿಸಿದರು. ಯಾವ ಕೋನಕ್ಕೆ ಎಷ್ಟು ಕಣ ತಿರುಗಬೇಕು ಎಂಬ ಅವರ ಲೆಕ್ಕ ಸರಿಯೇ ಎಂದು ತಾಳೆ ನೋಡಬೇಕಿತ್ತಲ್ಲ. ಗೈಗರ್ ಮತ್ತು ಮಾರ್ಸ್ಡನ್ ಮತ್ತೆ ಕತ್ತಲೆಕೋಣೆ ಸೇರಿದರು. 1913ರ ಹೊತ್ತಿಗೆ ಅವರು ಎಣಿಸಿದ ಮಿಣುಕುಗಳು ಒಂದು ಲಕ್ಷ ದಾಟಿದ್ದವು.