ಇಪ್ಪತ್ತಡಿ ಗೋಡೆಗೆ ಎಷ್ಟು ಮರ ಬೇಕು? ಅಂಗಡಿಗೆ ಹೋಗೋ ಮುಂಚಿನ ಲೆಕ್ಕ

ಹಾಯ್, ಎಲ್ರೂ ಹೇಗಿದೀರಾ. ನಾರ್ತ್ ಕ್ಯಾರೊಲಿನಾದಲ್ಲಿ ಇವತ್ತು ಮಳೆ ಇಲ್ಲ, ಹಿತ್ತಲ ಶೆಡ್ಡಿನ ಸ್ಲ್ಯಾಬ್ ಕ್ಯೂರಿಂಗೂ ಮುಗೀತು, ಇನ್ನು ಗೋಡೆ. ಇಟ್ಟಿಗೆ ಸಿಮೆಂಟ್ ಏನಿಲ್ಲ, ಇಲ್ಲಿ ಬರೀ ಮರದ ಫ್ರೇಮು, ಅದರ ಮೇಲೆ ಶೀಟು, ಅಷ್ಟೇ.

ಉದ್ದ 20 ಅಡಿ, ಎತ್ತರ 8, ಮಧ್ಯೆ 36 ಇಂಚಿನ ಬಾಗಿಲು. ನಿಲ್ಲಿಸೋ ಮರಕ್ಕೆ ಸ್ಟಡ್ ಅಂತಾರೆ, ಒಂದರ ನಡುವಿಂದ ಇನ್ನೊಂದರ ನಡುವಿಗೆ 16 ಇಂಚು. ಯಾಕೆ 16 ಅಂದ್ರೆ ಹೊರಗಡೆ ಹೊಡಿಯೋ ಓಎಸ್‌ಬಿ, ಅಂದ್ರೆ ಮರದ ಚಕ್ಕೆ ಒತ್ತಿ ಅಂಟಿಸಿದ ಶೀಟ್, ಅದರ ಅಗಲ 48 ಇಂಚು, ಹದಿನಾರ್ ಮೂರ್ಲ ನಲವತ್ತೆಂಟು, ಶೀಟಿನ ಅಂಚು ಕರೆಕ್ಟಾಗಿ ಸ್ಟಡ್ ಮೇಲೆ ಬಂದು ಕೂರುತ್ತೆ. ಟೇಪ್ ಝೂಮ್ ಮಾಡ್ತೀನಿ ನೋಡಿ, ಪ್ರತಿ 16ಕ್ಕೂ ಕೆಂಪು ಗುರುತು ಇದೆ. ಆದ್ರೆ ಎರಡನೇ ಸ್ಟಡ್ಡಿನ ಅಂಚಿಗೆ ಗೀಟು ಹಾಕೋದು ಹದಿನೈದೂಕಾಲಿಗೆ, ಯಾಕಂದ್ರೆ ಸ್ಟಡ್ಡಿಗೆ ಟೂ ಬೈ ಫೋರ್, ಎರಡಿಂಚು ನಾಲ್ಕಿಂಚು ಅಂತ ಹೆಸರಿಗಷ್ಟೇ, ದಪ್ಪ ಇರೋದು ಒಂದೂವರೆ ಇಂಚು, ಅದರಲ್ಲಿ ಅರ್ಧ ಮುಕ್ಕಾಲು.

ಈಗ ಎಣಿಕೆ. 240 ಇಂಚನ್ನ 16ರಿಂದ ಭಾಗಿಸಿದ್ರೆ 15, ಶುರುವಿನದೊಂದು ಸೇರಿ 16. ತುಂಬಾ ಜನ ಇಲ್ಲಿಗೇ ನಿಲ್ಲಿಸಿ ಗಾಡಿ ಹತ್ತಿಬಿಡ್ತಾರೆ. ಮರ ತಿನ್ನೋದು ಮೂಲೆ ಮತ್ತೆ ಬಾಗಿಲು ಸ್ವಾಮಿ! ಮೂಲೆಗೆ ಎರಡೆರಡು ಎಕ್ಸ್‌ಟ್ರಾ, ನಾಲ್ಕಾಯ್ತು. ಬಾಗಿಲ ಎರಡೂ ಪಕ್ಕ ಒಂದೊಂದು ಪೂರ್ತಿ ಎತ್ತರದ ಕಿಂಗ್ ಸ್ಟಡ್, ಅದಕ್ಕಂಟಿಕೊಂಡು ಹೆಡರ್, ಅಂದ್ರೆ ಬಾಗಿಲ ಮೇಲಿನ ಅಡ್ಡ ತೊಲೆ, ಅದನ್ನ ಹೊರೋ ಜ್ಯಾಕ್ ಸ್ಟಡ್, ಇನ್ನು ನಾಲ್ಕು. ಬಾಗಿಲ ಜಾಗದಲ್ಲಿ ಸ್ಟಡ್ ಬರಲ್ವಲ್ಲ ಅಂತ ಕಳೆಯೋಕೆ ಹೋಗ್ಬೇಡಿ, ಹೆಡರ್ ಮೇಲಿನ ತುಂಡುಗಳು ಅದರಿಂದಲೇ ಬರಬೇಕು. ಒಟ್ಟು 24. ಇಲ್ಲಿನ ಕೆಲಸದೋರು ಅಡಿಗೊಂದು ಸ್ಟಡ್, ಬಾಗಿಲು ಕಿಟಕಿಗೆ ಬೇರೆ ಅಂತ ಬಾಯಲ್ಲೇ ಹೇಳ್ತಾರೆ, ಅದೂ 24ಕ್ಕೇ ಬರುತ್ತೆ. ಸೊಟ್ಟ ಪಟ್ಟ ಅಂತ ನಾನು 27 ಬರ್ಕೊಂಡೆ. 96 ಇಂಚಿಂದು ಬೇಡ, 92 ಮತ್ತು 5/8 ಇಂಚಿಗೆ ಕಟ್ ಮಾಡೇ ಮಾರ್ತಾರೆ, ಅದನ್ನೇ ತಗೊಳಿ, ಮೂರು ಪ್ಲೇಟ್ ಸೇರಿದ್ರೆ 8 ಅಡಿ ಮೇಲೆ ಒಂದಿಂಚು ಚಿಲ್ಲರೆ.

ಪ್ಲೇಟು ಅಂದ್ರೆ ಅಡ್ಡ ಮಲಗೋವು, ಕೆಳಗೊಂದು ಮೇಲೆರಡು. ಮೇಲಿನ ಎರಡರ ಜಾಯಿಂಟು ಒಂದರ ಮೇಲೊಂದು ಬರಬಾರದು, ಇಲ್ಲಿನ ಕಟ್ಟಡ ಕೋಡ್ ಪ್ರಕಾರ ಕನಿಷ್ಠ 24 ಇಂಚು ದೂರ ಇರಬೇಕು, ಹಾಗಾಗಿ ಒಂದು ಸಾಲು 12 ಮತ್ತೆ 8 ಅಡಿ, ಅದರ ಮೇಲಿಂದು 8 ಮತ್ತೆ 12. ಕೆಳಗಡೆಗೆ ಎರಡು 10 ಅಡಿದು, ಕೊಳೀದ ಹಾಗೆ ಔಷಧಿ ಕುಡಿಸಿದ ಪ್ರೆಷರ್ ಟ್ರೀಟೆಡ್ಡೇ ಆಗ್ಬೇಕು, ಕಾಂಕ್ರೀಟಿಂದ ತೇವ ಏರುತ್ತೆ.

ಹೆಡರ್ ಸೈಜು ಛಾವಣಿ ಭಾರದ ಮೇಲೆ, ನಮ್ಮ ಪ್ಲಾನಲ್ಲಿ ಟೂ ಬೈ ಸಿಕ್ಸ್ ಎರಡು. ಬಾಗಿಲಿಗೆ ಬಿಡೋ ಸಂದು 38, ಜ್ಯಾಕ್‌ಗಳ ಮೇಲೆ ಕೂರೋಕೆ 3, ಅಂದ್ರೆ 41 ಇಂಚು, 8 ಅಡಿದೊಂದರಲ್ಲೇ ಎರಡೂ ಸಿಗುತ್ತೆ. ನಡುವೆ ಅರ್ಧ ಇಂಚು ಪ್ಲೈವುಡ್ ಇಟ್ರೆ ಮೂರೂವರೆ, ಗೋಡೆ ದಪ್ಪಕ್ಕೆ ಸರಿ.

ಅಪ್ಪ ಫೋನಲ್ಲಿ "ಎಷ್ಟು ಸಿಎಫ್‌ಟಿ ಆಯ್ತೋ" ಅಂದ್ರು, ಊರಲ್ಲಿ ಮರ ಘನ ಅಡಿ ಲೆಕ್ಕ ತಾನೆ, ಇಲ್ಲಿ ಪೀಸ್ ಲೆಕ್ಕ. ಸ್ಟಡ್ಡೆಲ್ಲಾ ಸೇರಿ ಸುಮಾರು ಏಳೂವರೆ ಅಂದೆ. "ಅಷ್ಟೇನಾ, ಗಾಳಿಗೆ ಬಿದ್ಹೋಗಲ್ವಾ?" ಬೀಳಲ್ಲಪ್ಪ, ಓಎಸ್‌ಬಿ ಮೊಳೆ ಹೊಡೆದ ಮೇಲೆ ಫ್ರೇಮು ಪಕ್ಕಕ್ಕೆ ವಾಲೋಕೇ ಬಿಡಲ್ಲ.

ಸರಿ, ಅಂಗಡಿಗೆ ಬಂದ್ವಿ. ಒಂದೊಂದನ್ನೂ ಹೀಗೆ ಕಣ್ಣಿಗೆ ಹಿಡಿದು ಉದ್ದಕ್ಕೆ ನೋಡಿ, ಸ್ವಲ್ಪ ಬಿಲ್ಲಾಗಿದ್ರೆ ಓಕೆ, ತಿರುಚಿಕೊಂಡಿದ್ರೆ ವಾಪಸ್ ಇಡಿ, ಆದ್ರೆ ಎಳೆದಿದ್ದನ್ನೆಲ್ಲ ನೀಟಾಗಿ ಜೋಡಿಸಿ ಬನ್ನಿ ಮತ್ತೆ.